ಚಿತ್ರ ತೆಗೆದವರನ್ನು ಕಂಡೇ ಬರುತ್ತಿದ್ದೆ

ನಾನು ಆಸ್ಪತ್ರೆಗಳ ಗೋಡೆಗೆ ಚಿತ್ರ ಆರಿಸುವ ಕೆಲಸ ಮಾಡುತ್ತಿದ್ದೆ. ಷಿಕಾಗೋ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಸತ್ಯನಾರಾಯಣ ಪೂಜೆಗೋ ಮಕ್ಕಳ ಹುಟ್ಟುಹಬ್ಬಕ್ಕೋ ಸೇರಿದಾಗ ಯಾರಾದರೂ ಉದ್ಯೋಗ ಕೇಳಿದರೆ ಹೀಗೇ ಹೇಳುತ್ತಿದ್ದೆ. ಡಾಕ್ಟರುಗಳು, ಇಂಜಿನಿಯರುಗಳೇ ತುಂಬಿರುತ್ತಿದ್ದ ಕೂಟಗಳು ಅವು. ತಕ್ಷಣ ಒಬ್ಬರು, “ಅದಕ್ಕೂ ಸಂಬಳ ಕೊಡ್ತಾರಾ?” ಎಂದು ಕೇಳುತ್ತಿದ್ದರು. ಕೊಡುತ್ತಿದ್ದರು. ನಿವೃತ್ತಳಾಗುವವರೆಗೂ ಕೊಟ್ಟರು.

ಈಗ ನನ್ನ ಗೆಳತಿಯ ಮಗಳು ಅಪೂರ್ವ ಅಂಥದೇ ಒಂದು ಕಂಪನಿಗೆ ಸೇರಿದ್ದಾಳೆ. ಮೊನ್ನೆ ಫೋನಿನಲ್ಲಿ, “ಆಂಟಿ, ಫೋಟೋಗ್ರಾಫರ್ಸ್ ಎಲ್ಲ ಆನ್‌ಲೈನಲ್ಲೇ ಇದಾರೆ. ನೀವು ಯಾಕೆ ಅಷ್ಟೊಂದು ಡ್ರೈವ್ ಮಾಡ್ಕೊಂಡು ಎಕ್ಸಿಬಿಷನ್‌ಗೆ ಹೋಗ್ತಿದ್ರಿ?” ಎಂದಳು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಆದ್ದರಿಂದ ಬರೆಯುತ್ತಿದ್ದೇನೆ. ಬಡ್ತಿ, ಪ್ರಶಸ್ತಿಗಳ ವಿಷಯ ಬಿಟ್ಟುಬಿಡುತ್ತೇನೆ. ಅವು ಹೆಚ್ಚೇನೂ ಇರಲಿಲ್ಲ.

ನಮ್ಮ ಕಂಪನಿ ಇದ್ದದ್ದು ಷಿಕಾಗೋ ಪಕ್ಕದ ಇಟಾಸ್ಕಾದಲ್ಲಿ. ಓಹೇರ್‌ನಲ್ಲಿ ಇಳಿಯುವ ವಿಮಾನಗಳು ನಮ್ಮ ಕಿಟಕಿಯ ಮೇಲೇ ಹಾದು ಹೋಗುತ್ತಿದ್ದವು. ನಾನು ಸೇರಿದಾಗ ಫೋಟೋಗ್ರಾಫರುಗಳು ಸ್ಲೈಡುಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಅವನ್ನು ಹರಡಿಕೊಂಡು, ಒಂದು ಕಣ್ಣು ಮುಚ್ಚಿ, ಭೂತಗನ್ನಡಿಯಲ್ಲಿ ನೋಡಬೇಕಿತ್ತು. ಆಮೇಲೆ ಸಿ.ಡಿ.ಗಳು ಬಂದವು. ಅದಾದ ಮೇಲೆ ಬರೀ ಲಿಂಕು.

ಕೆಲಸ ಕಲಿಸಿದವರು ಶರ್ಲಿ ಎಂಬ ಹಿರಿಯ ಹೆಂಗಸು. ಗಟ್ಟಿ ಧ್ವನಿ, ಚಪ್ಪಟೆ ಬೂಟು, ಕೈಯಲ್ಲಿ ಯಾವಾಗಲೂ ಅಳತೆಯ ಟೇಪು. ಮೊದಲ ವಾರ ಅವರು ಕಲಿಸಿದ್ದೆಲ್ಲ ಏನು ಬೇಡ ಎನ್ನುವುದನ್ನು. ಕಿಮೋಥೆರಪಿ ಕೋಣೆಯಲ್ಲಿ ಓರೆಯಾದ ದಿಗಂತ ಬೇಡ, ಮೊದಲೇ ವಾಂತಿ ಬರುವವರಿಗೆ ತಲೆ ಸುತ್ತುತ್ತದೆ. ಖಾಲಿ ಕುರ್ಚಿಯ ಚಿತ್ರ ಎಲ್ಲಿಯೂ ಬೇಡ, ಯಾರೋ ಎದ್ದು ಹೋದರು ಅನ್ನಿಸುತ್ತದೆ. ರಕ್ತ ತೆಗೆಯುವ ಕಡೆ ಕೆಂಪು ಚೆಲ್ಲಿದಂತೆ ಕಾಣುವುದು ಬೇಡ. ಕಣ್ಣಿನ ಆಪರೇಷನ್ ಆದವರ ಕೋಣೆಯಲ್ಲಿ ಮಂಜು ಮುಸುಕಿದ ಬೆಟ್ಟ ಬೇಡ. ಒಬ್ಬ ಅಜ್ಜ ಪಟ್ಟಿ ಬಿಚ್ಚಿದ ತಕ್ಷಣ ಅಂಥ ಬೆಟ್ಟವನ್ನು ನೋಡಿ, ಆಪರೇಷನ್ ಕೆಟ್ಟಿತು ಎಂದು ಗಾಬರಿಯಾಗಿ ನರ್ಸನ್ನು ಕರೆದಿದ್ದನಂತೆ.

ಎರಡನೆಯ ವಾರ ನನ್ನನ್ನು ಒಂದು ಉಪನಗರದ ಬೇಸಿಗೆಯ ಚಿತ್ರಸಂತೆಗೆ ಕರೆದೊಯ್ದರು. ಬೀದಿಯ ಎರಡೂ ಬದಿ ಬಿಳಿ ಟೆಂಟುಗಳು, ಒಂದೊಂದರಲ್ಲೂ ಒಬ್ಬ ಕಲಾವಿದ. ಒಂದು ಟೆಂಟಿನಲ್ಲಿ ಹುಲ್ಲುಗಾವಲಿನ ಫೋಟೋಗಳು ಬಹಳ ಚೆನ್ನಾಗಿದ್ದವು. ನಾನಾಗಿದ್ದರೆ ಅಲ್ಲೇ ಆರ್ಡರ್ ಕೊಡುತ್ತಿದ್ದೆ. ಶರ್ಲಿ ಟೆಂಟಿನಲ್ಲಿದ್ದಾತನನ್ನು, “ಇದನ್ನ ತೆಗೆಯುವಾಗ ನೀವು ಎಲ್ಲಿ ನಿಂತಿದ್ರಿ?” ಎಂದು ಕೇಳಿದರು. ಆತ ಕ್ಯಾಮೆರಾದ ಬಗ್ಗೆ ಹೇಳಿದ. ಮತ್ತೆ ಅದನ್ನೇ ಕೇಳಿದರು. ಆತ ಚೌಕಟ್ಟಿನ ಮರದ ಬಗ್ಗೆ ಹೇಳಿದ. ಶರ್ಲಿ ನಕ್ಕು, ಒಳ್ಳೆಯದಾಗಲಿ ಎಂದು ಹೊರಟರು.

“ಅವನು ತೆಗೆದದ್ದಲ್ಲ ಅದು, ಎಲ್ಲೋ ಕೊಂಡು ತಂದಿದಾನೆ,” ಎಂದರು ಆಚೆ ಬಂದ ಮೇಲೆ. “ನಿಜವಾಗಿ ತೆಗೆದವರು ಒದ್ದೆಯಾದ ಸಾಕ್ಸ್ ಬಗ್ಗೆ ಮಾತಾಡ್ತಾರೆ. ಸೊಳ್ಳೆ ಬಗ್ಗೆ ಮಾತಾಡ್ತಾರೆ. ನಿಲ್ಲಿಸು ಅಂದ್ರೂ ನಿಲ್ಲಿಸಲ್ಲ.”

ಅಂದಿನಿಂದ ನಾನು ಅದನ್ನೇ ಅನುಸರಿಸಿದೆ. ಪ್ರದರ್ಶನಕ್ಕೆ ಹೋದರೆ ಮೊದಲು ಕಾರ್ಡು ಕೊಡುತ್ತಿರಲಿಲ್ಲ. ಒಂದು ಮೂಲೆಯಲ್ಲಿ ನಿಂತು, ನೋಡಲು ಬಂದವರನ್ನು ನೋಡುತ್ತಿದ್ದೆ. ಕೆಲವು ಚಿತ್ರಗಳ ಮುಂದೆ ಜನ “ವಾವ್” ಎಂದು ಮುಂದೆ ಹೋಗುತ್ತಾರೆ. ಕೆಲವುಗಳ ಮುಂದೆ ಏನೂ ಅನ್ನುವುದಿಲ್ಲ, ಆದರೆ ಕಾಲು ಕೀಳುವುದಿಲ್ಲ. ಆಸ್ಪತ್ರೆಗೆ ಬೇಕಾದದ್ದು ಎರಡನೆಯದು. ಕಂಪ್ಯೂಟರಿನ ಪರದೆಯ ಮೇಲೆ ಯಾವಾಗಲೂ ಗೆಲ್ಲುವುದು ಮೊದಲನೆಯದು.

ಶರ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಗ್ರೆಗ್ ಬಂದರು. ನನಗಿಂತ ಚಿಕ್ಕವರು, ಒಳ್ಳೆಯವರು, ಆದರೆ ಬಂದ ಕಾಲ ಕೆಟ್ಟದ್ದು. ಮನೆಗಳ ಬೆಲೆ ಕುಸಿದು, ಬ್ಯಾಂಕುಗಳು ಮುಳುಗಿ, ಡೆಟ್ರಾಯಿಟಿನ ಕಾರು ಕಂಪನಿಗಳು ಸರ್ಕಾರದ ಮುಂದೆ ಕೈಯೊಡ್ಡಿ ನಿಂತ ರಿಸೆಷನ್ನಿನ ವರ್ಷಗಳವು. ಆಸ್ಪತ್ರೆಗಳು ಹೊಸ ಕಟ್ಟಡಗಳನ್ನು ಅರ್ಧಕ್ಕೆ ನಿಲ್ಲಿಸಿದವು. ನಮ್ಮ ಆಫೀಸಿನಲ್ಲಿ ಅರ್ಧದಷ್ಟು ಮೇಜುಗಳು ಖಾಲಿಯಾದವು. ಗ್ರೆಗ್ ಮೊದಲು ಕಡಿದದ್ದು ಪ್ರದರ್ಶನಗಳ ಓಡಾಟವನ್ನು. ಇನ್ನು ಮುಂದೆ ವೆಬ್‌ಸೈಟುಗಳಲ್ಲಿ ನೋಡಿ, ಇಮೇಲ್‌ನಲ್ಲಿ ಆರ್ಡರ್ ಕೊಡುವುದು ಎಂದಾಯಿತು.

ಹಾಗೆ ಆರಿಸಿದ ಮೊದಲ ಚಿತ್ರಗಳು ಫಾಕ್ಸ್ ನದಿಯ ದಂಡೆಯ ಒಂದು ಊರಿನ ಆಸ್ಪತ್ರೆಗೆ ಹೋದವು. ಕ್ಯಾನ್ಸರ್ ವಿಭಾಗದ ಹೊರಗೆ ಕಾಯುವ ಜಾಗಕ್ಕೆ ದೊಡ್ಡದೊಂದು ಫೋಟೋ: ಎರಡೂ ಕಡೆ ಬಂಗಾರದ ಬಣ್ಣದ ಮೇಪಲ್ ಮರಗಳು, ನಡುವೆ ಸಣ್ಣಗೆ ತಿರುಗಿ ಮರೆಯಾಗುವ ದಾರಿ. ಗ್ರೆಗ್‌ಗೂ ನನಗೂ ಬಹಳ ಇಷ್ಟವಾಗಿತ್ತು. ಅದೇ ಊರಿನ ಫೋಟೋಗ್ರಾಫರ್ ಎನ್ನುವುದು ಇನ್ನೂ ಸಂತೋಷ. ಹಾಕಿದ ಮಾರನೆಯ ದಿನವೇ ಅಲ್ಲಿನ ನರ್ಸ್ ಫೋನ್ ಮಾಡಿದಳು.

“ಆ ದಾರಿ ಎಲ್ಲೀದು ಅಂತ ಗೊತ್ತಾ ನಿಮಗೆ?”

“ನಿಮ್ಮೂರಿನದೇ ಯಾವುದೋ ಪಾರ್ಕ್ ಇರಬೇಕು,” ಎಂದೆ.

“ಪಾರ್ಕ್ ಅಲ್ಲ. ನಮ್ಮೂರಿನ ಸ್ಮಶಾನದ್ದು. ಗೇಟಿಂದ ಒಳಗೆ ಹೋಗೋ ದಾರಿ. ಆ ತಿರುವು ದಾಟಿದ್ರೆ ಎಡಗಡೆ ನಮ್ಮಜ್ಜಿ ಇದಾರೆ. ಇಲ್ಲಿ ಕೂತಿರೋ ಪೇಷೆಂಟ್ಸ್ ಎಲ್ಲರಿಗೂ ಅದು ಗೊತ್ತು.”

ಆ ಮಧ್ಯಾಹ್ನವೇ ಚಿತ್ರ ಇಳಿಸಿದೆವು. ಗ್ರೆಗ್ ಫೋಟೋಗ್ರಾಫರಿಗೆ ಫೋನ್ ಮಾಡಿ ವಿಚಾರಿಸಿದರೆ ಆತ ನಿರುಮ್ಮಳವಾಗಿ, “ಹೌದು, ಅದು ಸ್ಮಶಾನವೇ. ನಮ್ಮಪ್ಪನನ್ನ ನೋಡೋಕೆ ಹೋದಾಗ ತೆಗೆದದ್ದು. ಎಲ್ಲಿ ಹಾಕ್ತೀರಿ ಅಂತ ನೀವು ಹೇಳ್ಲಿಲ್ಲ, ಎಲ್ಲಿ ತೆಗೆದದ್ದು ಅಂತ ಕೇಳ್ಲಿಲ್ಲ,” ಎಂದ. ಆತನದೇನೂ ತಪ್ಪಿರಲಿಲ್ಲ. ಎದುರಿಗೆ ಸಿಕ್ಕಿದ್ದರೆ ಮೊದಲ ಮಾತಿಗೇ ಅಪ್ಪನ ವಿಷಯ ಹೇಳುತ್ತಿದ್ದ. ಚಿತ್ರಕ್ಕೆ ನಾಲ್ಕು ಅಂಚುಗಳಿರುತ್ತವೆ. ಅಂಚಿನಾಚೆ ಏನಿತ್ತು ಎಂಬುದು ತೆಗೆದವರಿಗೆ ಮಾತ್ರ ಗೊತ್ತಿರುತ್ತದೆ.

ಗ್ರೆಗ್ ಆರ್ಡರ್ ಮಾಡುವ ಇಮೇಲಿಗೆ ‘ಸ್ಥಳ ಯಾವುದು?’ ಎಂಬ ಸಾಲು ಸೇರಿಸಿದರು. ಅಷ್ಟಕ್ಕೆ ಸಮಸ್ಯೆ ಬಗೆಹರಿಯಿತು ಎಂದು ಅವರು ತಿಳಿದರು. ಬಗೆಹರಿದಿಲ್ಲ ಎಂದು ನನಗೆ ಗೊತ್ತಿತ್ತು.

ಆ ಚಳಿಗಾಲದ ಕೊನೆಗೆ ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ಒಂದು ಆಸ್ಪತ್ರೆಯ ಕೆಲಸ ಬಂತು. ಹೊಸ ವಿಭಾಗದ ಕಾರಿಡಾರುಗಳು ಮತ್ತು ಡಯಾಲಿಸಿಸ್ ಕೋಣೆ. ಡಯಾಲಿಸಿಸ್ ಎಂದರೆ ಕಿಡ್ನಿ ಸೋತವರು ವಾರಕ್ಕೆ ಮೂರು ದಿನ ಬಂದು, ಹಿಂದಕ್ಕೆ ಬಾಗುವ ಕುರ್ಚಿಯಲ್ಲಿ ಒರಗಿ, ರಕ್ತವನ್ನು ಯಂತ್ರದಲ್ಲಿ ಶುದ್ಧಿ ಮಾಡಿಸಿಕೊಳ್ಳುವುದು. ನಾಲ್ಕು ಗಂಟೆ ಅಲ್ಲಾಡುವಂತಿಲ್ಲ. ವರ್ಷಗಟ್ಟಲೆ ಅದೇ ಕೋಣೆ, ಅದೇ ಗೋಡೆ. ಬೇರೆ ಕಡೆ ರೋಗಿಗಳು ಚಿತ್ರವನ್ನು ದಾಟಿ ಹೋಗುತ್ತಾರೆ. ಇಲ್ಲಿ ಅದರ ಜೊತೆ ಬಾಳುತ್ತಾರೆ.

ಗ್ರೆಗ್ ಆನ್‌ಲೈನ್ ಕ್ಯಾಟಲಾಗಿನಿಂದ ಒಂದು ಸೆಟ್ ಆರಿಸಿ ಕಳಿಸಿದ್ದರು. ಹೂವಿನ ತೋಟ, ಸಮುದ್ರತೀರ, ಬಲೂನು. ಆಸ್ಪತ್ರೆಯವರು ಅದಕ್ಕೆ ಸರಿ ಅಂದಿದ್ದರು. ನನಗೆ ಮನಸ್ಸು ಒಪ್ಪಲಿಲ್ಲ. ಲಿವೋನಿಯಾದ ಸಾರ್ವಜನಿಕ ಗ್ರಂಥಾಲಯದಲ್ಲಿ ಅಲ್ಲಿನ ಹವ್ಯಾಸಿಗಳ ಫೋಟೋ ಪ್ರದರ್ಶನವಿದೆ ಎಂದು ತಿಳಿದು ಶನಿವಾರ ಹೊರಡಲು ಸಿದ್ಧಳಾದೆ.

ನನ್ನ ಯಜಮಾನರು ಮೂರ್ತಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಅವರನ್ನು ಆ ಜನವರಿಯಲ್ಲೇ ಮನೆಗೆ ಕಳಿಸಿದ್ದರು. ಡೌನರ್ಸ್ ಗ್ರೋವ್‌ನ ನಮ್ಮ ಮನೆ ಆಗ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ.

“ಇರೋದು ನಿನ್ನ ಕೆಲಸ ಒಂದೇ,” ಎಂದರು ಅವರು. “ಬಾಸ್ ಬೇಡ ಅಂದ್ಮೇಲೂ ಹೋಗ್ಲೇಬೇಕಾ?”

“ಅವರು ಬೇಡ ಅಂದಿರೋದು ಕಂಪನಿ ದುಡ್ಡಲ್ಲಿ ಹೋಗೋದನ್ನ. ಶನಿವಾರ ನಂದು, ರೀ.”

“ಇನ್ನೂರ ಎಂಬತ್ತು ಮೈಲಿ. ಲೈಬ್ರರಿಯಲ್ಲಿ ಯಾರೋ ಹಾಕಿರೋ ಫೋಟೋ ನೋಡೋಕೆ.”

“ಫೋಟೋ ನೋಡೋಕಲ್ಲ. ತೆಗೆದವರನ್ನ ನೋಡೋಕೆ.”

ಅವರು, “ಚಿತ್ರಾನ್ನ ಕಲಸಿಕೋ. ನಾನೇ ಡ್ರೈವ್ ಮಾಡ್ತೀನಿ, ಮನೇಲಿ ಕೂತು ಏನು ಮಾಡ್ಲಿ,” ಎಂದರು. ಬೆಳಗಿನ ಜಾವ ಹೊರಟೆವು. ಮಿಷಿಗನ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ, ಅದನ್ನು ಮರೆತಿದ್ದರಿಂದ ತಲುಪುವಾಗ ಅರ್ಧ ಜನ ಊಟಕ್ಕೆ ಹೋಗಿದ್ದರು.

ಸಾಲಾಗಿ ನಿಲ್ಲಿಸಿದ ತೆಳು ಹಲಗೆಗಳ ಮೇಲೆ ಫೋಟೋಗಳು. ಬಾಗಿಲ ಬಳಿ ಮಿಂಚು ಹೊಡೆದ ಆಕಾಶದ ಚಿತ್ರವೊಂದಿತ್ತು, ಬಂದವರೆಲ್ಲ ಅದನ್ನು ಹೊಗಳಿ ಮುಂದೆ ಹೋಗುತ್ತಿದ್ದರು. ಶೌಚಾಲಯಕ್ಕೆ ಹೋಗುವ ದಾರಿಯ ಕಡೆಯ ಹಲಗೆಯಲ್ಲಿ ಐದಾರು ಚಿಕ್ಕ ಚಿತ್ರಗಳಿದ್ದವು. ಎಲ್ಲವೂ ಒಂದೇ ಹಳ್ಳದ ಒಂದೇ ತಿರುವು. ಒಂದರಲ್ಲಿ ಎಳೆ ಹಸಿರು, ಒಂದರಲ್ಲಿ ಒಣ ಎಲೆ, ಒಂದರಲ್ಲಿ ನೀರಿನ ಮೇಲೆ ಕಾಗದದಷ್ಟು ತೆಳು ಮಂಜುಗಡ್ಡೆ. ವೆಬ್‌ಸೈಟಿನಲ್ಲಾದರೆ ನಾನು ಕಣ್ಣು ಹಾಯಿಸಿ ಮುಂದೆ ಹೋಗುತ್ತಿದ್ದ ಚಿತ್ರಗಳು. ಆದರೆ ಶೌಚಾಲಯಕ್ಕೆ ಹೊರಟವರು ಅಲ್ಲಿ ನಿಲ್ಲುತ್ತಿದ್ದರು. ಒಬ್ಬ ಹೆಂಗಸು ಮಗುವಿನ ಕೈ ಹಿಡಿದುಕೊಂಡೇ ನಿಂತಳು, ಮಗು ಎಳೆದರೂ ಕದಲಲಿಲ್ಲ.

ಪಕ್ಕದ ಮಡಿಸುವ ಕುರ್ಚಿಯಲ್ಲಿ ಸ್ವೆಟರಿನ ಮೇಲೆ ದುಪ್ಪಟ್ಟಾ ಹೊದ್ದ ಐವತ್ತರ ಆಸುಪಾಸಿನ ಹೆಂಗಸು ಕುಳಿತಿದ್ದರು. ಹೆಸರಿನ ಚೀಟಿ ನೋಡಿ, “ಕನ್ನಡದವರಾ?” ಎಂದೆ.

“ಹೌದ್ರೀ, ಧಾರವಾಡ. ಗಿರಿಜಾ ಅಂತ. ನಿಮ್ದು ಯಾ ಊರ್ರೀ?”

ಮೈಸೂರು ಎಂದೆ. ಚಿತ್ರ ತೆಗೆಯುವಾಗ ಎಲ್ಲಿ ನಿಂತಿದ್ದಿರಿ ಎಂದು ಕೇಳಿದೆ. ಅಷ್ಟೇ ಬೇಕಾಗಿತ್ತು. “ನಮ್ಮ ಲೇಔಟ್ ಹಿಂದನ ಐತ್ರೀ ಈ ಹಳ್ಳ. ಮೊದಲನೇ ಸಲ ಹ್ವಾದಾಗ ಕೆಸರಾಗ ಬೂಟ್ ಸಿಗಬಿದ್ದು ಅಲ್ಲೇ ಉಳೀತು. ಒಂದ್ ಕಾಲಾಗ ಬೂಟು, ಒಂದ್ ಕಾಲಾಗ ಬರೀ ಸಾಕ್ಸು, ಹಂಗ ಮನೀಗಿ ಬಂದೆ. ನಮ್ಮವ್ರು ಬಾಗಿಲಾ ತಗದು ನೋಡಿ...” ಎಂದು ಶುರುವಾದ ಮಾತು ನಿಲ್ಲಲಿಲ್ಲ. ನನಗೆ ಒಳಗೇ ಸಂತೋಷವಾಯಿತು. ಕಾರ್ಡು ಕೊಟ್ಟು, ಯಾವ ಕೋಣೆಗೆ, ಯಾರಿಗಾಗಿ ಎಂದು ವಿವರಿಸಿದೆ.

ಅವರ ಮುಖ ಬಿಗಿಯಾಯಿತು. “ದವಾಖಾನಿಗಿ ಕೊಡೂದಿಲ್ರೀ ನಾ.”

“ಯಾಕೆ?”

“ನನಗ ಎರಡ್ ವರ್ಷದ ಹಿಂದ ಆಪರೇಷನ್ ಆಗಿತ್ತು. ಹಾಸಗಿ ಎದರಿಗೆ ಒಂದು ಹಡಗದ ಚಿತ್ರ. ಮಕ್ಕೊಂಡಾಗೂ ಅದ, ಎದ್ದಾಗೂ ಅದ. ನೋವು ಬಂದಾಗೆಲ್ಲಾ ಅದನ್ನ ನೋಡೀನಿ. ಈಗ ಎಲ್ಲೆರೆ ಹಡಗಾ ನೋಡಿದ್ರ ಹೊಟ್ಟಿ ತೊಳಸ್ತೈತಿ. ನನ್ನ ಹಳ್ಳಾನ ಯಾರೂ ಹಂಗ ದ್ವೇಷ ಮಾಡೂದು ಬ್ಯಾಡ.”

ನಾನು ಎಷ್ಟೋ ಫೋಟೋಗ್ರಾಫರುಗಳ ಜೊತೆ ಮಾತಾಡಿದ್ದೆ. ತಮ್ಮ ಚಿತ್ರವನ್ನು ರೋಗಿ ದ್ವೇಷಿಸಬಹುದು ಎಂದು ಯೋಚಿಸಿದವರು ಒಬ್ಬರೂ ಸಿಕ್ಕಿರಲಿಲ್ಲ. ಬೇಕಾದ ಚಿತ್ರ ಸಿಗದಿದ್ದರೂ ಚಿಂತೆಯಿಲ್ಲ, ಈ ಹೆಂಗಸನ್ನು ಬಿಡಬಾರದು ಎಂದು ಆ ಗಳಿಗೆಯಲ್ಲೇ ನಿಶ್ಚಯಿಸಿದೆ.

“ನೀವು ಚಿತ್ರ ಕೊಡಬೇಡಿ,” ಎಂದೆ. “ನಾಳೆ ಭಾನುವಾರ, ಡಯಾಲಿಸಿಸ್ ಇರಲ್ಲ, ಕೋಣೆ ಖಾಲಿ. ಒಂದು ಸಲ ಬಂದು ಆ ಕುರ್ಚಿಯಲ್ಲಿ ಕೂತು ನೋಡಿ. ಆಮೇಲೂ ಬೇಡ ಅನ್ನಿಸಿದ್ರೆ ನಾನು ಮತ್ತೆ ಕೇಳಲ್ಲ.”

ಅವರು ನನ್ನ ಕಾರ್ಡನ್ನು ಪರ್ಸಿಗೆ ಹಾಕಿಕೊಂಡರು. “ಬರೇ ನೋಡಾಕ ಬರ್ತೀನಿ,” ಎಂದರು.

ಆ ರಾತ್ರಿ ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ಉಳಿದೆವು. ಹೊಸದು ತಯಾರಾಗುವವರೆಗೆ ಡಯಾಲಿಸಿಸ್ ನಡೆಯುತ್ತಿದ್ದದ್ದು ಹಳೆಯ ಕೋಣೆಯಲ್ಲಿ; ನಾನು ಫೋನ್ ಮಾಡಿ ಕೇಳಿಕೊಂಡದ್ದಕ್ಕೆ ಅಲ್ಲಿನ ಮೇಲ್ವಿಚಾರಕಿ ಡೆನಿಸ್ ಬೆಳಿಗ್ಗೆ ಬಂದು ಬಾಗಿಲು ತೆರೆದರು. ನಗು ಕಡಿಮೆ, ಮಾತು ನೇರ. ಗಿರಿಜಾ ಬಾಗಿಲಲ್ಲೇ ಕೊಂಚ ನಿಂತರು. ಆಸ್ಪತ್ರೆಯ ವಾಸನೆಗೆ ಅವರ ಕೈ ದುಪ್ಪಟ್ಟಾದ ಅಂಚನ್ನು ಹಿಡಿಯಿತು. ಆಮೇಲೆ ಸೀದಾ ಹೋಗಿ ಒಂದು ಕುರ್ಚಿಯಲ್ಲಿ ಕುಳಿತು, “ಇದನ್ನ ಹಿಂದಕ ಬಾಗಸ್ರಿ,” ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ಡೆನಿಸ್ ಬಾಗಿಸಿದರು. ಗಿರಿಜಾ ಜೊತೆಗೆ ತಂದಿದ್ದ ತಮ್ಮ ಚಿತ್ರಗಳಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟು ಎದುರು ಗೋಡೆಗೆ ಹಿಡಿಯಲು ಹೇಳಿದರು. ಇನ್ನೂ ಮೇಲೆ. ಎಡಕ್ಕೆ. ಸ್ವಲ್ಪ ಕೆಳಗೆ.

“ನಡಿಯೂದಿಲ್ರೀ ಇದು,” ಎಂದರು ಕೊನೆಗೆ.

ನಾನು ಚಿತ್ರವನ್ನು ಕೆಳಗಿಳಿಸಲು ಹೋದೆ. ಅವರು ಮಾತು ಮುಂದುವರಿಸಿದರು.

“ನಾ ಇದನ್ನ ನಿಂತು ತಗದೀನಿ. ಇವ್ರು ಮಕ್ಕೊಂಡು ನೋಡ್ತಾರ. ಇಲ್ಲಿಂದ ನೋಡಿದ್ರ ಆ ಮುಂದಿನ ಗಿಡಾ ಮೈಮ್ಯಾಲ ಬೀಳಾಕ ಬಂದಂಗ ಕಾಣತೈತಿ. ಮತ್ತ ಕಿಡಕಿ ಬೆಳಕು ಗಾಜಿನ ಮ್ಯಾಲ ಹೊಡೀತೈತಿ, ಅರ್ಧಾ ಹಳ್ಳಾನ ಕಾಣೂದಿಲ್ಲ. ಬ್ಯಾರೇದ್ ತಗೀಬೇಕು.” ಕುರ್ಚಿಯಿಂದ ಏಳದೆಯೇ ಡೆನಿಸ್ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಕುರ್ಚಿ ಎಷ್ಟು ಬಾಗುತ್ತದೆ, ಕಣ್ಣು ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ವಿಚಾರಿಸತೊಡಗಿದರು. ಡೆನಿಸ್ ಮೊದಲ ಸಲ ನಕ್ಕರು.

ಮುಂದಿನ ವಾರಗಳಲ್ಲಿ ಏನಾಯಿತೆಂಬುದನ್ನು ಗಿರಿಜಾ ಫೋನಿನಲ್ಲಿ ಹೇಳುತ್ತಿದ್ದರು. ಹಿತ್ತಲಲ್ಲಿ ಹಾಕುವ ಒರಗುಕುರ್ಚಿಯನ್ನು ಹಳ್ಳದ ದಂಡೆಗೆ ಹೊತ್ತುಕೊಂಡು ಹೋಗಿ, ಹಿಂದಕ್ಕೆ ಬಾಗಿಸಿ, ಅದರಲ್ಲಿ ಮಲಗಿ ಚಿತ್ರ ತೆಗೆದರಂತೆ. ಅವರ ಯಜಮಾನರೂ ಕೆಲಸ ಕಳೆದುಕೊಂಡವರೇ. ಕುರ್ಚಿ ಕೆಸರಿಗೆ ಜಾರದಂತೆ ಹಿಂದೆ ಹಿಡಿದುಕೊಂಡು ನಿಲ್ಲುವುದು ಅವರ ಪಾಲಿನ ಕೆಲಸ. ನಾಯಿ ಓಡಾಡಿಸಲು ಬಂದ ನೆರೆಯವರು, ಏನಾದರೂ ತೊಂದರೆಯೇ ಎಂದು ಕೇಳಿದ್ದರಂತೆ.

ಹೊಸ ಚಿತ್ರಗಳು ಬಂದವು. ದಂಡೆ ದೂರಕ್ಕೆ ಸರಿದಿತ್ತು, ಮುಂದೆ ಬರೀ ನೀರು, ಅದರಲ್ಲಿ ಮುರಿದು ಕೂಡುವ ಬೆಳಕು. ನಾನು ಅವನ್ನು ಗ್ರೆಗ್ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

“ಆಸ್ಪತ್ರೆಯವರು ಕ್ಯಾಟಲಾಗ್ ಸೆಟ್ಟಿಗೆ ಒಪ್ಪಿ ಆಗಿದೆ. ಈಗ ನೀವು ಇನ್ನೊಂದು ತಗೊಂಡು ಹೋದ್ರೆ ಎರಡೂ ಬೇಡ, ಗೋಡೆಗೆ ಬಣ್ಣ ಹೊಡೀತೀವಿ ಅಂತಾರೆ. ಹಾಗೇನಾದ್ರೂ ಆದ್ರೆ ನಿಮ್ಮನ್ನ ಉಳಿಸಿಕೊಳ್ಳೋಕೆ ನನ್ನ ಹತ್ರ ಕಾರಣ ಇರಲ್ಲ. ಬೆದರಿಕೆ ಅಲ್ಲ, ಪರಿಸ್ಥಿತಿ ಹೇಳ್ತಿದೀನಿ.”

ಅದು ಬೆದರಿಕೆಯಲ್ಲ ಎಂದು ನನಗೂ ಗೊತ್ತಿತ್ತು. ಮನೆಯಲ್ಲಿ ಮೂರ್ತಿ ದಿನಾ ಎಲ್ಲೆಲ್ಲಿಗೋ ಅಪ್ಲೈ ಮಾಡುತ್ತ ಕುಳಿತಿರುವುದು ಕಣ್ಣ ಮುಂದೆ ಬಂತು. ಸರಿ ಬಿಡಿ ಎಂದು ಎದ್ದು ಬರಬಹುದಿತ್ತು. ಆದರೆ ಚಿತ್ರ ಹಾಕಿಸಿ ಇಟಾಸ್ಕಾಕ್ಕೆ ಮರಳುವವಳು ನಾನು. ಆ ಕುರ್ಚಿಗಳಲ್ಲಿ ಒರಗುವವರು ಎಲ್ಲಿಗೂ ಹೋಗುವಂತಿರಲಿಲ್ಲ.

“ಎರಡು ಸೆಟ್ಟಿಂದಲೂ ಒಂದೊಂದನ್ನ ಹಳೇ ಕೋಣೆಯಲ್ಲಿ ಹಾಕೋಣ,” ಎಂದೆ. “ಕೆಲವು ವಾರ ಇರ್ಲಿ. ಅಲ್ಲಿ ಕೂರೋರೇ ಹೇಳ್ಲಿ. ಡೆನಿಸ್ ಆಗ್ಲಿ ಅಂದಿದಾರೆ.”

“ಅವರು ನಿಮ್ಮ ಹಳ್ಳ ಬೇಡ ಅಂದ್ರೆ?”

“ನಾನೇ ಹೋಗಿ ಇಳಿಸಿ ಕ್ಯಾಟಲಾಗಿನದು ಹಾಕಿ ಬರ್ತೀನಿ. ಆಮೇಲೆ ನೀವು ಕಾರಣ ಹುಡುಕೋ ಕಷ್ಟ ಇರಲ್ಲ.”

ಗ್ರೆಗ್ ಚಿತ್ರವನ್ನು ಮತ್ತೊಮ್ಮೆ ಎತ್ತಿ ನೋಡಿದರು. ಕೆಳಗಿಟ್ಟು, “ಇವರು ಎಲ್ಲಿ ಕೂತು ತೆಗೆದ್ರು ಅಂದ್ರಿ?” ಎಂದರು. ಇನ್ನೊಮ್ಮೆ ಹೇಳಿದೆ. “ಸರಿ, ಹಾಕಿ,” ಎಂದರು.

ಕೋಣೆಯ ಒಂದು ಗೋಡೆಗೆ ಹೂವಿನ ತೋಟ, ಎದುರು ಗೋಡೆಗೆ ಹಳ್ಳ. ಮೂರ್ತಿಯೇ ಕಾರಿನಲ್ಲಿ ಚೌಕಟ್ಟುಗಳನ್ನು ಕಂಬಳಿ ಸುತ್ತಿ ತಂದು, ನನ್ನ ಜೊತೆ ಹಿಡಿದು ಹಾಕಿದರು. ಹಳ್ಳಕ್ಕೆ ಹೊಳಪಿಲ್ಲದ ಗಾಜು ಹಾಕಿಸಿದ್ದೆ. ನಂತರದ ದಿನಗಳು ಸುಲಭವಾಗಿರಲಿಲ್ಲ. ಆಫೀಸಿನಲ್ಲಿ ಇನ್ನಿಬ್ಬರು ಹೋದರು. ನಾನು ಮೇಜಿನ ಖಾನೆಗಳನ್ನು ಸದ್ದಿಲ್ಲದೆ ಹಗುರ ಮಾಡಿಕೊಂಡೆ, ಹೋಗುವುದಾದರೆ ಎಲ್ಲರೆದುರು ಪೆಟ್ಟಿಗೆ ತುಂಬಿಕೊಂಡು ನಿಲ್ಲುವುದು ಬೇಡ ಎಂದು.

ಆಮೇಲೊಂದು ದಿನ ಡೆನಿಸ್ ಫೋನ್ ಮಾಡಿದರು. “ನಿಮ್ಮಿಂದ ನನಗೆ ತಲೆನೋವಾಗಿದೆ,” ಎಂದರು. “ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ ಅಂತ ಗೊತ್ತುಮಾಡಿದ್ದೆ. ಈಗ ಹಳ್ಳದ ಕಡೆ ಕುರ್ಚಿ ಬೇಕು ಅಂತ ಬೆಳಿಗ್ಗೆ ಬೇಗ ಬಂದು ಬಾಗಿಲಲ್ಲಿ ನಿಲ್ತಾರೆ. ಚೆನ್ನಾಗಿದೆಯಾ ಅಂತ ಕೇಳಿದ್ರೆ ಪರವಾಗಿಲ್ಲ ಅಂತಾರೆ. ಆದ್ರೆ ಕುರ್ಚಿ ಮಾತ್ರ ಅದೇ ಬೇಕು.”

“ಹೂವಿನದು ಯಾರಿಗೂ ಇಷ್ಟ ಆಗಲಿಲ್ವಾ?”

“ಒಬ್ಬರಿಗೆ ಆಗಿದೆ. ಅದನ್ನ ತೆಗೆದ್ರೆ ನಾನು ಬರೋದೇ ಇಲ್ಲ ಅಂತಿದಾರೆ ಆಕೆ. ಒಂದು ಹೂವಿನದು ಇರ್ಲಿ.”

ಇದ್ದದ್ದು ಹಾಗೆಯೇ ಹೇಳಬೇಕು. ನಾವು ಕೇಳಿದ್ದೆಲ್ಲ ಸಿಗಲಿಲ್ಲ. ಹೊಸ ಡಯಾಲಿಸಿಸ್ ಕೋಣೆಗೆ ಗಿರಿಜಾ ಅವರ ಚಿತ್ರಗಳು ಒಪ್ಪಿತವಾದವು, ಜೊತೆಗೆ ಆ ಒಂದು ಹೂವಿನ ತೋಟ. ಕಾರಿಡಾರುಗಳಿಗೆ ಹಣವಿಲ್ಲವೆಂದು ಬರೀ ಬಣ್ಣ ಹೊಡೆದರು. ನನ್ನ ಕೆಲಸ ಉಳಿಯಿತು, ಆದರೆ ವಾರಕ್ಕೆ ಮೂರೇ ದಿನ. ಮೂರ್ತಿಗೆ ಬೇರೆ ಕೆಲಸ ಸಿಗುವವರೆಗೂ ಮನೆ ಇಕ್ಕಟ್ಟಿನಲ್ಲೇ ನಡೆಯಿತು. ಗ್ರೆಗ್ ಪ್ರದರ್ಶನದ ಓಡಾಟಕ್ಕೆ ಹಣ ಮಂಜೂರು ಮಾಡಿದ್ದು ಕಾಲ ಸುಧಾರಿಸಿದ ಮೇಲೆಯೇ. ಆದರೆ ಅದಕ್ಕೂ ಮುಂಚೆಯೇ ಯಾವ ಚಿತ್ರ ಅವರ ಮೇಜಿಗೆ ಹೋದರೂ, “ಇವರನ್ನ ನೋಡಿದೀರಾ?” ಎಂದು ಕೇಳುವ ರೂಢಿ ಮಾಡಿಕೊಂಡಿದ್ದರು. ನೋಡಿಲ್ಲ ಎಂದರೆ ಪಕ್ಕಕ್ಕಿಡುತ್ತಿದ್ದರು.

ಹೊಸಬರಿಗೆ ಇದನ್ನೂ ಹೇಳಿಬಿಡುತ್ತೇನೆ. ಫೋಟೋಗ್ರಾಫರನ್ನು ಕಂಡು ಬಂದರೆ ಸಾಲದು, ಚಿತ್ರ ನೋಡುವವರ ಮುಂದೆ ಅವರನ್ನು ತಂದು ನಿಲ್ಲಿಸುವುದೂ ನಮ್ಮದೇ ಕೆಲಸ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಹೊಸ ಕೋಣೆ ಶುರುವಾದ ಮೇಲೆ, ರೋಗಿಗಳು ಕೇಳುತ್ತಿದ್ದಾರೆ, ಚಿತ್ರ ತೆಗೆದವರನ್ನು ಕರೆದುಕೊಂಡು ಬನ್ನಿ ಎಂದು ಡೆನಿಸ್ ಹೇಳಿದರು. ಗಿರಿಜಾ ಹಿಂಜರಿದರು. ಯಂತ್ರಗಳೆಲ್ಲ ನಡೆಯುತ್ತಿರುವಾಗ ಆ ಕೋಣೆಗೆ ಅವರು ಕಾಲಿಟ್ಟಿರಲಿಲ್ಲ. “ಅಕ್ಕಾರ, ನನಗ ತಲಿ ತಿರಗಿದ್ರ?” ಎಂದರು. ನಾನು ಪಕ್ಕದಲ್ಲೇ ಇರುತ್ತೇನೆ ಎಂದೆ.

ಕುರ್ಚಿಗಳೆಲ್ಲ ತುಂಬಿದ್ದವು. ಕೊಳವೆಗಳಲ್ಲಿ ರಕ್ತ ಹೋಗಿ ಬರುತ್ತಿತ್ತು. ಗಿರಿಜಾ ನನ್ನ ತೋಳು ಹಿಡಿದಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ವಾಲ್ಟರ್ ಎಂಬ ಮುದುಕರಿದ್ದರು. ಡಯಾಲಿಸಿಸ್‌ಗೆ ಎಲ್ಲರಿಗಿಂತ ಹಳಬರು. ಕೊಳವೆ ಇಲ್ಲದ ಕೈಯೆತ್ತಿ ಕರೆದರು.

“ಆ ಚಿತ್ರ ತೆಗೆದವರು ನೀವೇನಾ?”

“ಹೌದು,” ಎಂದರು ಗಿರಿಜಾ.

“ಹಾಗಾದ್ರೆ ಕೇಳಿ. ನೀರು ಎಡಕ್ಕೆ ಹರೀತಿದೆ ಅಂತ ನಾನು ಹೇಳ್ತೀನಿ. ಈ ಸಾಲಿನ ಕೊನೇಲಿದಾರಲ್ಲ, ರೂತ್, ಬಲಕ್ಕೆ ಅಂತಾರೆ. ಅವರ ಪಕ್ಕದವರು ದಿನಕ್ಕೊಂದು ಹೇಳ್ತಾರೆ. ಕೋಣೆ ಎರಡು ಪಕ್ಷ ಆಗಿದೆ.”

“ಬಲಕ್ಕೇನೇ,” ಎಂದರು ಸಾಲಿನ ಕೊನೆಯ ಕುರ್ಚಿಯಿಂದ ರೂತ್. “ಎಲೆ ತೇಲಿರೋದು ನೋಡಿದ್ರೆ ಗೊತ್ತಾಗಲ್ವಾ?”

ಗಿರಿಜಾ ನನ್ನ ತೋಳು ಬಿಟ್ಟರು. ಗೋಡೆಯ ಹತ್ತಿರ ಹೋಗಿ, ಚಿತ್ರವನ್ನು ಬೆರಳಿನಿಂದ ತೋರಿಸುತ್ತ, “ನೋಡಿ, ನಾನು ಇಲ್ಲಿ ಕೂತಿದ್ದೆ, ನೀರು ಬರ್ತಾ ಇದ್ದದ್ದು...” ಎಂದು ಆರಂಭಿಸಿದರು.

“ಹೇಳಬೇಡಿ,” ಎಂದರು ವಾಲ್ಟರ್.

ಗಿರಿಜಾ ತಿರುಗಿ ನೋಡಿದರು.

“ಹೇಳಿದ್ರೆ ಇವತ್ತೇ ಮುಗಿದುಹೋಗುತ್ತೆ,” ಎಂದರು ಅವರು. “ನಾವು ಬುಧವಾರ ಮತ್ತೆ ಬರಬೇಕು. ಶುಕ್ರವಾರನೂ ಬರಬೇಕು. ಕೂತ್ಕೊಳ್ಳಿ, ಬೇರೆ ಏನಾದ್ರೂ ಹೇಳಿ.”

ಡೆನಿಸ್ ಒಂದು ಸ್ಟೂಲು ತಳ್ಳಿದರು. ಗಿರಿಜಾ ವಾಲ್ಟರ್ ಮತ್ತು ರೂತ್ ಇಬ್ಬರಿಗೂ ಕಾಣುವಂತೆ ನಡುವೆ ಕುಳಿತರು. ಒಂದು ಕಾಲಿನಲ್ಲಿ ಬೂಟು, ಒಂದು ಕಾಲಿನಲ್ಲಿ ಸಾಕ್ಸು, ಬಾಗಿಲಲ್ಲಿ ನಿಂತ ಗಂಡನ ಮುಖ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ರೂತ್ ನಕ್ಕಾಗ ಕೈ ಅಲ್ಲಾಡಿ ಯಂತ್ರ ಕೀಚೆಂದಿತು. ನರ್ಸ್ ಬಂದು ಸರಿ ಮಾಡಿ, ತಾನೂ ಕೇಳುತ್ತ ನಿಂತಳು.

ನಾನು ಗೋಡೆಗೊರಗಿ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗಿರಿಜಾ ನನ್ನ ಕಡೆ ತಿರುಗಿ, “ಅಕ್ಕಾರ, ನಿಮಗ ಷಿಕಾಗೋಕ್ಕ ತಡಾ ಆಗತೈತೇನು? ನೀವು ನಡೀರಿ. ನಾ ಇವ್ರದು ಮುಗಿಯೂತನಾ ಕುಂತ ಬರ್ತೀನಿ,” ಎಂದರು.